ನೈಟ್ ಹಾಲ್ಟ್

ನಮ್ಮ ಭಾವ ಸರ್ಕಾರಿ ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಕಂಡಕ್ಟರಾಗಿ ಸೇರಿ ಟ್ರಾಫಿಕ್ ಕಂಟ್ರೋಲರಾಗಿ ನಿವೃತ್ತರಾದರು. ಅವರ ಭೂಗೋಳದಲ್ಲಿ ಊರುಗಳು ಎರಡೇ ಜಾತಿ: ಬಸ್ಸು ಹೋಗಿ ತಿರುಗಿ ಬರುವ ಊರು, ಬಸ್ಸು ಹೋಗಿ ರಾತ್ರಿ ಅಲ್ಲೇ ಉಳಿಯುವ ಊರು. ಎರಡನೆಯದಕ್ಕೆ ನೈಟ್ ಹಾಲ್ಟ್ ಎನ್ನುತ್ತಾರೆ. ಸಂತೆ ಮುಗಿಸಿದವರು, ಕಾಲೇಜಿನ ಹುಡುಗರು, ಎರಡು ಕೋಳಿ, ಒಂದು ಸೈಕಲ್ಲು ಇಷ್ಟನ್ನೂ ತುಂಬಿಕೊಂಡು ಹೋದ ಕೊನೆಯ ಬಸ್ಸು ಅರಳಿಕಟ್ಟೆಯ ಪಕ್ಕ ನಿಂತರೆ ಮತ್ತೆ ಹೊರಡುವುದು ಬೆಳಗಿನ ಆರಕ್ಕೆ. ಅಲ್ಲಿಯವರೆಗೆ ಡ್ರೈವರು, ಕಂಡಕ್ಟರು ಆ ಊರಿನ ನೆಂಟರು. ಶಾಲೆಯ ಜಗುಲಿಯೋ, ಆಂಜನೇಯನ ಗುಡಿಯೋ, ಏನೂ ಸಿಗದಿದ್ದರೆ ಬಸ್ಸಿನ ಟಾಪೋ ಅವರ ಮಲಗುವ ಮನೆ. ಕಲೆಕ್ಷನ್ ಚೀಲವೇ ತಲೆದಿಂಬು. ಭಾವನವರಿಗೆ ಈಗ ಎಪ್ಪತ್ತೆರಡು. ಇವತ್ತಿಗೂ ಮೆತ್ತನೆಯ ದಿಂಬು ಅವರಿಗೆ ಆಗಿಬರುವುದಿಲ್ಲ. ದೊಡ್ಡ ಹೋಟೆಲಿನಲ್ಲೂ ಬಿಳಿಯ ದಿಂಬುಗಳನ್ನು ಒಂದು ಪಕ್ಕಕ್ಕೆ ಸರಿಸಿ, ತಮ್ಮ ಕೈಚೀಲವನ್ನೇ ತಲೆಯ ಕೆಳಗಿಟ್ಟು ಮಲಗುತ್ತಾರೆ.

ಇಂಥವರನ್ನು ಅಕ್ಕ ಹಟ ಹಿಡಿದು ಟರ್ಕಿ ಪ್ರವಾಸಕ್ಕೆ ಹೊರಡಿಸಿದಳು. ಬಾಲಂಗೋಚಿಯಾಗಿ ನಾನೂ ಹೊರಟೆ. ನಮ್ಮ ತಂಡದಲ್ಲಿ ಮೂವತ್ತೆರಡು ಜನ, ಅಷ್ಟೇ ಸಂಖ್ಯೆಯ ಚಟ್ನಿಪುಡಿ ಪೊಟ್ಟಣ, ಮೂರು ಎಲೆಕ್ಟ್ರಿಕ್ ಕುಕ್ಕರು. ಕೊನ್ಯಾ ಬಿಟ್ಟು ಅಕ್ಸರಾಯ್ ಕಡೆಗೆ ಬಸ್ಸು ಹೊರಟರೆ ಎರಡೂ ಕಡೆ ಚಪ್ಪಟೆ ಬಯಲು. ಬಯಲುಸೀಮೆಯವರಿಗೂ ಬೇಜಾರು ಬರುವಷ್ಟು ಬಯಲು. ಆ ಬಯಲಿನ ನಡುವೆ ಇದ್ದಕ್ಕಿದ್ದಂತೆ ಕೋಟೆಯ ಹಾಗೆ ಒಂದು ಕಟ್ಟಡ ಎದ್ದು ನಿಂತಿತು. ಸುಲ್ತಾನ್ ಹಾನ್. ನಮ್ಮ ಟೂರ್ ಮ್ಯಾನೇಜರ್ ಹುಡುಗ ಮೈಕು ಹಿಡಿದು, "ಇದು ಹಳೇ ಕಾಲದ ಕಾರವಾನ್ ಸರಾಯಿ, ನಲವತ್ತು ನಿಮಿಷ ಟೈಮಿದೆ" ಎಂದ.

"ಸಾರಾಯಿ ನೋಡೋಕೆ ಟರ್ಕಿಗೆ ಬರಬೇಕಿತ್ತೇನಯ್ಯಾ? ನಮ್ಮಲ್ಲಿ ಅದನ್ನ 2007ರಲ್ಲೇ ಬಂದ್ ಮಾಡಿದಾರೆ" ಎಂದರು ಭಾವ.

ಬಸ್ಸೆಲ್ಲ ನಕ್ಕಿತು. ಆದರೆ ಆ ಪದದ ಹಣೆಬರಹ ನೋಡಿ. ಪಾರಸಿಯಲ್ಲಿ ಸರಾಯ್ ಎಂದರೆ ಮನೆ, ಅರಮನೆ. ನಾವು ಹೋಗಬೇಕಿದ್ದ ಅಕ್ಸರಾಯ್ ಊರಿನ ಹೆಸರಿಗೇ ಬಿಳಿ ಅರಮನೆ ಎಂದರ್ಥ. ಅದೇ ಪದ ದೆಹಲಿಗೆ ಬರುವಷ್ಟರಲ್ಲಿ ದಾರಿಹೋಕರ ಛತ್ರವಾಯಿತು. ಇನ್ನೂ ಕೆಳಗಿಳಿದು ನಮ್ಮ ಕಡೆಗೆ ಬಂದಾಗ ಪ್ಯಾಕೆಟ್ಟಿನಲ್ಲಿ ತುಂಬಿಕೊಂಡಿತು ಎಂದು ಭಾವನವರ ವಾದ. ಭಾಷಾಶಾಸ್ತ್ರದವರು ಇದನ್ನು ಒಪ್ಪುವುದಿಲ್ಲ, ಎರಡೂ ಬೇರೆ ಬೇರೆ ಪದ. ಭಾವನವರು ಭಾಷಾಶಾಸ್ತ್ರದವರನ್ನು ಒಪ್ಪುವುದಿಲ್ಲ. ಇನ್ನು ಕಾರವಾನ್ ಎಂಬುದಕ್ಕೆ ನಮ್ಮಲ್ಲಿ ಸಾರ್ಥ ಎಂಬ ಸೊಗಸಾದ ಮಾತಿದೆ. ನಿಘಂಟಿನಲ್ಲಿ ಮಲಗಿದ್ದ ಅದನ್ನು ಭೈರಪ್ಪನವರ ಅದೇ ಹೆಸರಿನ ಕಾದಂಬರಿ ಎಬ್ಬಿಸಿ ಜನರ ಬಾಯಿಗೆ ತಂದಿತು.

ಹೆಬ್ಬಾಗಿಲಿನ ಎತ್ತರ 13 ಮೀಟರ್. ಮೇಲೆ ಜೇನುಹುಟ್ಟನ್ನು ತಲೆಕೆಳಗು ಮಾಡಿದಂಥ ಕೆತ್ತನೆ. ಸೆಲ್ಜುಕ್ ಸುಲ್ತಾನ ಅಲಾವುದ್ದೀನ್ ಕೈಕುಬಾದ್ 1229ರಲ್ಲಿ ಕಟ್ಟಿಸಿದ್ದು. ಒಳಗೆ ಹೋದರೆ ವಿಶಾಲವಾದ ಅಂಗಳ, ಅಂಗಳದ ನಡುವೆ ನಾಲ್ಕು ಕಮಾನುಗಳ ಹೆಗಲ ಮೇಲೆ ಕೂತ ಪುಟ್ಟ ಮಸೀದಿ, ಒಂದು ಪಕ್ಕಕ್ಕೆ ಕಮಾನಿನ ಮೊಗಸಾಲೆ, ಇನ್ನೊಂದು ಪಕ್ಕಕ್ಕೆ ಕೋಣೆಗಳು. ಹಿಂದೆ ಚಳಿಗಾಲಕ್ಕೆಂದು ಕಟ್ಟಿದ ಭಾರಿ ಕತ್ತಲ ಕೋಣೆ. ಒಟ್ಟು ಒಂದೂಕಾಲು ಎಕರೆಯಷ್ಟು ಜಾಗ. ಎಲ್ಲರೂ ಕೆತ್ತನೆಯ ಫೋಟೋ ತೆಗೆಯುತ್ತಿದ್ದರೆ ಭಾವ ಕೈ ಹಿಂದೆ ಕಟ್ಟಿಕೊಂಡು ತನಿಖೆಗೆ ಹೊರಟರು. ಡಿಪೋ ನೋಡಲು ಬಂದ ದೊಡ್ಡ ಸಾಹೇಬರು ನಡೆಯುತ್ತಾರಲ್ಲ, ಆ ನಡಿಗೆ.

"ಗೇಟು ಒಂದೇ. ಸರಿ" ಎಂದರು. "ಇನ್ ಗೇಟು, ಔಟ್ ಗೇಟು ಅಂತ ಎರಡು ಇಟ್ಟರೆ ಮುಗೀತು, ಸ್ಟೆಪ್ನಿನೇ ಮಾಯ."

ನನಗೆ ಥಟ್ಟನೆ ಹೊಳೆಯಿತು. ವಾಸ್ತುಶಿಲ್ಪದ ಪುಸ್ತಕಗಳು ಪುಟಗಟ್ಟಲೆ ಹೇಳುವುದನ್ನು ಈ ಮನುಷ್ಯ ಅರ್ಧ ನಿಮಿಷದಲ್ಲಿ ಹೇಳಿಬಿಟ್ಟಿದ್ದಾರೆ. ಟರ್ಕಿಯ ಈ ಅನಟೋಲಿಯಾ ಇರಲಿ, ಇರಾನ್ ಇರಲಿ, ಸರಾಯಿಯ ಮೊದಲ ಲಕ್ಷಣವೇ ಈ ಒಂಟಿ ಬಾಗಿಲು. ಹೇರು ಹೊತ್ತ ಒಂಟೆ ತಲೆ ಎತ್ತಿಕೊಂಡೇ ಒಳಗೆ ಬರಬೇಕು, ಅಷ್ಟು ದೊಡ್ಡದು. ಹೊರಗೋಡೆಯಲ್ಲಿ ಕಿಟಕಿಯೇ ಇಲ್ಲ, ಇದ್ದರೂ ಬೆಳಕಿಂಡಿಯಷ್ಟು. ಹೊರಗಿನವರಿಗೆ ಬೆನ್ನು, ಒಳಗಿನವರಿಗೆ ಮುಖ.

"ಈ ಹಾಲ್ಟಿಗೂ ಮುಂದಿನ ಹಾಲ್ಟಿಗೂ ಎಷ್ಟು ಕಿಲೋಮೀಟರು?" ಎಂದು ಅವರ ಮುಂದಿನ ಪ್ರಶ್ನೆ. ನಾನು ಓದಿದ್ದನ್ನು ಒಪ್ಪಿಸಿದೆ: ಸುಮಾರು 30ರಿಂದ 40. ಒಂಟೆ 150ರಿಂದ 200 ಕಿಲೋ ಭಾರ ಹೊತ್ತು ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುತ್ತದೆ. ಎಂಟೊಂಬತ್ತು ಗಂಟೆ ನಡೆದ ಮೇಲೆ ಅದಕ್ಕೂ ಸಾಕು, ಅದನ್ನು ಹೊಡೆಯುವವನಿಗೂ ಸಾಕು. ಸಾಕು ಅನ್ನಿಸುವ ಜಾಗದಲ್ಲಿ ಸರಾಯಿ ಎದುರಾಗಬೇಕು. ಅಂದರೆ ದಾರಿಯನ್ನು ಅಳೆದದ್ದು ಒಂಟೆಯ ಸುಸ್ತಿನಿಂದ. ಇದು ಸೆಲ್ಜುಕರು ಕಂಡುಹಿಡಿದದ್ದೂ ಅಲ್ಲ. ಕ್ರಿಸ್ತಪೂರ್ವ ಐದನೇ ಶತಮಾನದಲ್ಲೇ ಹೆರೊಡೋಟಸ್, ಸಾರ್ಡಿಸ್‌ನಿಂದ ಸೂಸಾದವರೆಗಿನ ಪರ್ಷಿಯಾದ ರಾಜಮಾರ್ಗದಲ್ಲಿ 111 ತಂಗುದಾಣಗಳಿವೆ ಎಂದು ಲೆಕ್ಕ ಬರೆದಿಟ್ಟಿದ್ದಾನೆ.

"ಶೆಡ್ಯೂಲ್ ಚೆನ್ನಾಗಿ ಮಾಡಿದಾರೆ" ಎಂದರು ಭಾವ. ಅನಟೋಲಿಯಾದ ಸಾರ್ಥಗಳಲ್ಲಿ ಅಷ್ಟೆತ್ತರದ ಒಂಟೆಗಳ ಸಾಲನ್ನು ಮುಂದೆ ನಿಂತು ನಡೆಸುತ್ತಿದ್ದುದು ಒಂದು ಕತ್ತೆ ಎಂದೂ ತಿಳಿಸಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಎಲ್ಲಾ ಡಿವಿಷನ್ನಲ್ಲೂ ಹಾಗೇ" ಎಂದು ಮುಂದೆ ನಡೆದರು.

ಅಕ್ಕ ಅಷ್ಟರಲ್ಲಿ ಒಂದು ಕೋಣೆಯೊಳಗೆ ಇಣುಕಿ ಬಂದು ದೂರು ಹೇಳಿದಳು: "ಏನೂ ಇಲ್ಲ ಕಣೋ ಒಳಗೆ. ಬರೀ ಗೋಡೆ."

ಆಗಲೂ ಬರೀ ಗೋಡೆಯೇ. ಗೋಲ್ಕೊಂಡದ ವಜ್ರಕ್ಕಾಗಿ ಹದಿನೇಳನೇ ಶತಮಾನದಲ್ಲಿ ಮತ್ತೆ ಮತ್ತೆ ಪೂರ್ವಕ್ಕೆ ಬಂದ ಫ್ರೆಂಚ್ ವ್ಯಾಪಾರಿ ತವೆರ್ನಿಯೇ ಇದನ್ನೇ ತನ್ನ ದೇಶದವರಿಗೆ ಎಚ್ಚರಿಸಿ ಬರೆದ. ಪರ್ಷಿಯಾದ ಸರಾಯಿಯಲ್ಲಿ ನಿಮಗೆ ಸಿಗುವುದು ನಾಲ್ಕು ಗೋಡೆ ಮತ್ತು ಒಂದು ಸೂರು. ಹಾಸಿಗೆ, ಪಾತ್ರೆ, ದಿನಸಿ ಎಲ್ಲ ನಿಮ್ಮದೇ. ಅಂಗಳಕ್ಕಿಂತ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಸಣ್ಣ ಕೋಣೆ, ಗೋಡೆಯಲ್ಲಿ ದೀಪದ ಗೂಡು, ಮೂಲೆಯಲ್ಲಿ ಬೆಂಕಿಗೂಡು. ಹಿಂದೆ ಲಾಯ. ನೆಲದಡಿಯ ತೊಟ್ಟಿಯಲ್ಲಿ ನೀರು. ವ್ಯಾಪಾರಿ ಕಂಬಳಿ ಬಿಚ್ಚಿ, ಚೀಲದಿಂದ ಅಕ್ಕಿ ತೆಗೆದು, ಒಲೆ ಹೊತ್ತಿಸಿದ ಗಳಿಗೆಯಿಂದ ಅದು ಅವನ ಮನೆ. ಬೆಳಿಗ್ಗೆ ಮಡಿಚಿ ಒಂಟೆಯ ಬೆನ್ನಿಗೆ ಹಾಕಿದನೋ, ಮನೆಯೂ ಅವನ ಜೊತೆ ಹೊರಟಿತು. ಇದನ್ನು ಕೇಳಿ ಯುರೋಪಿನವರಿಗೆ ಬೇಸರವಾಗಿರಬಹುದು. ಮೂರು ಕುಕ್ಕರು ಹೊತ್ತು ವಿಮಾನ ಹತ್ತಿದ ನಮ್ಮ ತಂಡಕ್ಕೆ ಬೇಸರ ಪಡುವ ಹಕ್ಕಿಲ್ಲ. ಹಿಂದಿನ ರಾತ್ರಿಯಷ್ಟೇ ಹೋಟೆಲಿನ ಮೂರನೇ ಮಹಡಿಯಲ್ಲಿ ಬಾಗಿಲಿನ ಸಂದಿಯಿಂದ ಬಿಸಿಬೇಳೆಬಾತಿನ ಘಮ ಹೊರಟು, ಕಾರಿಡಾರಿನಲ್ಲಿ ಹೊಗೆಯ ಗಂಟೆ ಬಡಿದು, ಜರ್ಮನಿಯವರೆಲ್ಲ ಬನಿಯನ್ನಿನಲ್ಲೇ ಕೆಳಗಿಳಿದಿದ್ದರು. ಸರಾಯಿಯಾಗಿದ್ದರೆ ಯಾರೂ ಏಳುತ್ತಿರಲಿಲ್ಲ. ಪಕ್ಕದ ಕೋಣೆಯವನು ಒಂದು ತಟ್ಟೆ ಹಿಡಿದು ಬರುತ್ತಿದ್ದ, ಅಷ್ಟೇ.

ಇರಾನಿನ ಮಾತು ಬಂದ ಮೇಲೆ ಷಾ ಅಬ್ಬಾಸನನ್ನು ಬಿಡುವಂತಿಲ್ಲ. 1588ರಿಂದ 1629ರವರೆಗೆ ಆಳಿದ ಈ ದೊರೆ 999 ಸರಾಯಿಗಳನ್ನು ಕಟ್ಟಿಸಿದನೆಂದು ಕಥೆ. ಸಾವಿರ ಎಂದರೆ ಜನ ಸುಮ್ಮನೆ ಹೇಳುತ್ತಾರೆ ಅಂದುಕೊಳ್ಳುತ್ತಾರೆ, ಒಂಬೈನೂರ ತೊಂಬತ್ತೊಂಬತ್ತು ಎಂದರೆ ಎಣಿಸಿ ಹೇಳಿದ ಹಾಗಿರುತ್ತದೆ. ಈ ಗುಟ್ಟು ಚಪ್ಪಲಿ ಅಂಗಡಿಯವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಲೆಕ್ಕ ಪುರಾಣದ್ದಾದರೂ ಕಟ್ಟಡಗಳು ಪುರಾಣದವಲ್ಲ. ಯುನೆಸ್ಕೋದವರು 2023ರಲ್ಲಿ ಇರಾನಿನ 54 ಸರಾಯಿಗಳನ್ನು ಆರಿಸಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಬಹುಪಾಲು ಚೌಕ. ಯಜ್ದ್ ಹತ್ತಿರದ ಜೈನೊದ್ದೀನ್ ರೊಟ್ಟಿಯ ಹಾಗೆ ದುಂಡಗಿದೆ.

ಇಷ್ಟು ಕಟ್ಟಿಸಿ ನಡೆಸಲು ದುಡ್ಡು ಎಲ್ಲಿಂದ? ಭಾವನವರ ಪ್ರಶ್ನೆಯೇ ಇದು, ಮೂವತ್ತನಾಲ್ಕು ವರ್ಷ ನಷ್ಟದ ಸಂಸ್ಥೆಯಲ್ಲಿ ದುಡಿದವರು. ಸುಲ್ತಾನ, ಮಂತ್ರಿ, ಸಿರಿವಂತ ಯಾರೋ ಒಬ್ಬರು ಕಟ್ಟಿಸಿ, ಇಷ್ಟು ಹಳ್ಳಿಯ ಕಂದಾಯ, ಇಷ್ಟು ಅಂಗಡಿಯ ಬಾಡಿಗೆ ಇದಕ್ಕೆ ಮೀಸಲು ಎಂದು ಬರೆದಿಡುತ್ತಿದ್ದರು. ಅದು ವಕ್ಫು. ನಮ್ಮ ಕಡೆ ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಹಾಗೆ. ಕೈಸೇರಿ ಊರಿನ ಪೂರ್ವಕ್ಕಿರುವ ಕರತಾಯ್ ಹಾನ್ ಎಂಬ ಸರಾಯಿಯ ದಾನಪತ್ರ ಇಂದಿಗೂ ಉಳಿದಿದೆ, ಹದಿಮೂರನೇ ಶತಮಾನದ್ದು. ಓದುತ್ತಿದ್ದರೆ ಅಡುಗೆ ಮನೆಯ ಒಗ್ಗರಣೆ ಮೂಗಿಗೆ ಬಡಿಯುತ್ತದೆ. ಬಂದವನು ಮುಸ್ಲಿಮನಿರಲಿ ಬೇರೆಯವನಿರಲಿ, ಗಂಡಸಿರಲಿ ಹೆಂಗಸಿರಲಿ, ಒಡೆಯನಿರಲಿ ಗುಲಾಮನಿರಲಿ, ಎಲ್ಲರಿಗೂ ಒಂದೇ ಅಳತೆಯ ರೊಟ್ಟಿ, ಬೇಯಿಸಿದ ಮಾಂಸ. ಶುಕ್ರವಾರದ ಮುನ್ನಾ ರಾತ್ರಿ ಜೇನಿನ ಹಲ್ವ. ಬಡವನ ಪಾದರಕ್ಷೆ ಕಿತ್ತುಹೋಗಿದ್ದರೆ ಅದರ ರಿಪೇರಿಗೂ ಏರ್ಪಾಡು. ಇದನ್ನು ಬರೆಸಿದ ಜಲಾಲುದ್ದೀನ್ ಕರತಾಯ್ ದೊಡ್ಡ ಮಂತ್ರಿ. ಆದರೆ ಬದುಕು ಶುರುವಾದದ್ದು ಗುಲಾಮನಾಗಿ. ದಾರಿಯಲ್ಲಿ ಹಸಿದು, ಬರಿಗಾಲಲ್ಲಿ ನಡೆದು ಗೊತ್ತಿಲ್ಲದವನಿಗೆ ಚಪ್ಪಲಿಯ ಉಂಗುಷ್ಠದ ಬಗ್ಗೆ ಕಾನೂನು ಬರೆಸಲು ತೋಚುತ್ತಿತ್ತೇ? ಅನಟೋಲಿಯಾದ ಇಂಥ ಸರಾಯಿಗಳಲ್ಲಿ ಮೂರು ದಿನ ಪುಕ್ಕಟೆ ಇರಬಹುದಿತ್ತಂತೆ. ನೆಂಟತನದ ಗಡುವು ಎಲ್ಲ ದೇಶದಲ್ಲೂ ಮೂರೇ ದಿನ.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಬಾಗಿಲು ಹಾಕುವ ಕ್ರಮ. ಹದಿನೇಳನೇ ಶತಮಾನದ ತುರ್ಕಿ ಯಾತ್ರಿಕ ಎವ್ಲಿಯಾ ಚೆಲೆಬಿ, ಇಸ್ತಾಂಬುಲ್‌ನಿಂದ ಎದಿರ್ನೆಗೆ ಹೋಗುವ ದಾರಿಯ ಲೂಲೆಬುರ್ಗಜ್‌ನ ಸರಾಯಿಯನ್ನು ವರ್ಣಿಸಿದ್ದಾನೆ. ರಾತ್ರಿ ನಗಾರಿ ಬಡಿದು ಹೆಬ್ಬಾಗಿಲು ಮುಚ್ಚುತ್ತಾರೆ. ಅಪರಾತ್ರಿಯಲ್ಲಿ ಯಾರಾದರೂ ದಣಿದು ಬಂದು ತಟ್ಟಿದರೆ ತೆರೆದು, ಒಳಗೆ ಕರೆದು, ಇದ್ದದ್ದನ್ನು ಬಡಿಸುತ್ತಾರೆ. ಆದರೆ ಒಳಗಿದ್ದವನನ್ನು ಹೊರಗೆ ಮಾತ್ರ ಬಿಡುವುದಿಲ್ಲ, ಆಕಾಶ ಕಳಚಿ ಬಿದ್ದರೂ. ಬೆಳಗಾಗಿ ಎಲ್ಲರೂ ಎದ್ದ ಮೇಲೆ ಬಾಗಿಲಿನವರು ಕೂಗಿ ಕೇಳುತ್ತಾರೆ: ನಿಮ್ಮ ನಿಮ್ಮ ಸಾಮಾನು, ಪ್ರಾಣ, ಕುದುರೆ, ಬಟ್ಟೆಬರೆ ಎಲ್ಲ ಸರಿಯಾಗಿದೆಯೋ? ಎಲ್ಲ ಇದೆ, ಕಟ್ಟಿಸಿದವನಿಗೆ ಒಳ್ಳೆಯದಾಗಲಿ ಎಂದು ಒಳಗಿನವರು ಉತ್ತರ ಕೊಟ್ಟ ಮೇಲೆಯೇ ಅಗಳಿ ಸರಿಯುತ್ತದೆ.

ಒಬ್ಬನ ಗಂಟು ಕಾಣದಿದ್ದರೆ? ಅದು ಸಿಗುವ ತನಕ ಎಲ್ಲರೂ ಅಲ್ಲೇ. ರೇಷ್ಮೆಯ ಸಾಹುಕಾರನೂ, ಉಪ್ಪಿನ ಮೂಟೆಯವನೂ, ಎಲ್ಲಿಂದಲೋ ಬಂದ ಫಕೀರನೂ. ರಾತ್ರಿ ತನಕ ಹೆಸರೂ ಗೊತ್ತಿಲ್ಲದವರು ಬೆಳಿಗ್ಗೆ ಒಬ್ಬರ ಗಂಟಿಗೆ ಇನ್ನೊಬ್ಬರು ಜವಾಬ್ದಾರರು. ನಮ್ಮ ಮದುವೆ ಛತ್ರಗಳ ನೆನಪಾಗಿ ಹೊಟ್ಟೆ ಉರಿಯಿತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಊಟಕ್ಕೆ ಮುಂಚೆ ಬಿಟ್ಟ ನನ್ನ ಹೊಸ ಚಪ್ಪಲಿ ಪಾಯಸ ಮುಗಿಸಿ ಬರುವಷ್ಟರಲ್ಲಿ ಹೊರಟುಹೋಗಿತ್ತು. ಅದರ ಜಾಗದಲ್ಲಿ ಒಂದು ನೀಲಿ ಹವಾಯಿ, ಎಡಗಾಲಿನದು. ಜೋಡಿಯೂ ಅಲ್ಲ. ಬೀಗರು ಅಗಳಿ ಹಾಕಿಸಿ, "ಎಲ್ಲರ ಚಪ್ಪಲಿ ಸರಿಯಾಗಿದೆಯೇನ್ರಪ್ಪಾ?" ಎಂದು ಒಂದು ಕೂಗು ಹಾಕಿಸಿದ್ದರೆ! ಛತ್ರದಲ್ಲಿ ಊಟ, ಮಠದಲ್ಲಿ ನಿದ್ದೆ ಎಂಬ ಗಾದೆ ಮಾಡಿದವನು ಚಪ್ಪಲಿಯ ವಿಷಯವನ್ನು ಬೇಕೆಂದೇ ಬಿಟ್ಟಿದ್ದಾನೆ.

ಸರಾಯಿಗಳು ಪೂರ್ವಕ್ಕೆ ಬಂದಂತೆ ನಮ್ಮ ಗಾಳಿಯೂ ಸ್ವಲ್ಪ ಸೇರಿಕೊಂಡಿತು. ಬಾಕು ಪಟ್ಟಣದ ಹಳೆಯ ಪೇಟೆಯಲ್ಲಿ ಮುಲ್ತಾನಿನ ವರ್ತಕರು ಇಳಿಯುತ್ತಿದ್ದ ಸರಾಯಿ ಇದೆ. ಊರಾಚೆಯ ಸುರಾಖಾನಿಯಲ್ಲಿ ನೆಲದ ಅನಿಲ ತಾನೇ ಉರಿಯುತ್ತಿದ್ದ ಜಾಗಕ್ಕೆ ಭಾರತದ ವ್ಯಾಪಾರಿಗಳು ಗುಡಿ ಕಟ್ಟಿದರು. ನಡುವೆ ಅಗ್ನಿ, ಸುತ್ತ ಸರಾಯಿಯಂತೆಯೇ ಕೋಣೆಗಳು, ಗೋಡೆಯ ಕಲ್ಲಿನ ಮೇಲೆ ಶ್ರೀ ಗಣೇಶಾಯ ನಮಃ. ಎಷ್ಟು ದೂರ ಹೋದರೂ ಲೆಕ್ಕದ ಪುಸ್ತಕ ಗಣಪತಿಯಿಂದಲೇ ಶುರುವಾಗಬೇಕು. ಇನ್ನು ಉತ್ತರ ಭಾರತದಲ್ಲಿ ಶೇರ್ ಷಾ ಸೂರ್ ಆಳಿದ್ದು ಐದೇ ವರ್ಷ, 1540ರಿಂದ 1545. ಅಷ್ಟರಲ್ಲಿ ಎರಡೆರಡು ಕೋಸಿಗೊಂದರಂತೆ 1,700 ಸರಾಯಿ ಕಟ್ಟಿಸಿದನೆಂದು ಅವನ ಚರಿತ್ರೆ ಬರೆದ ಅಬ್ಬಾಸ್ ಖಾನ್ ಸರ್ವಾನಿಯ ಲೆಕ್ಕ. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ಬಿಡಾರ. ಹಿಂದೂಗಳಿಗೆ ಬಿಸಿನೀರು ತಣ್ಣೀರು ಕೊಡಲು, ಅಡುಗೆಗೆ ಬ್ರಾಹ್ಮಣರು. ಬಂದವನ ಅಂತಸ್ತಿಗೆ ತಕ್ಕ ಊಟ. ಕರತಾಯ್‌ನ ಒಂದೇ ಅಳತೆಯ ರೊಟ್ಟಿ ಇಲ್ಲಿಗೆ ತಲುಪುವಷ್ಟರಲ್ಲಿ ದರ್ಜೆವಾರು ಭತ್ಯೆಯಾಗಿತ್ತು. ದೆಹಲಿಯ ಚಾಂದನಿ ಚೌಕದಲ್ಲಿ ಷಾಜಹಾನನ ಮಗಳು ಜಹನಾರಾ ಕಟ್ಟಿಸಿದ ಬೇಗಂ ಸರಾಯಿಯನ್ನು ಕಂಡು ಫ್ರೆಂಚ್ ಯಾತ್ರಿಕ ಬರ್ನಿಯೇ ಬೆರಗಾದ. 1857ರ ದಂಗೆಯ ನಂತರ ಬ್ರಿಟಿಷರು ಅದನ್ನು ಕೆಡವಿ ಟೌನ್ ಹಾಲ್ ಎಬ್ಬಿಸಿದರು.

ನಮ್ಮ ಬೀದರಿಗೂ 1470ರ ಹೊತ್ತಿಗೆ ಒಬ್ಬ ವಿಚಿತ್ರ ಅತಿಥಿ ಬಂದಿದ್ದ. ರಷ್ಯಾದ ಅಫನಾಸಿ ನಿಕಿತಿನ್. ಒಂದೇ ಒಂದು ಕುದುರೆ ಮಾರಿ ದುಡ್ಡು ಮಾಡಲು ಅಷ್ಟು ದೂರದಿಂದ ಬಂದವನು. ಜುನ್ನಾರಿನ ಖಾನ ಆ ಕುದುರೆಯನ್ನೂ ಕಸಿದು, ಕೊನೆಗೆ ಮರಳಿಸಿದ. ಈ ದೇಶದಲ್ಲಿ ಪರದೇಶಿ ವ್ಯಾಪಾರಿಗಳು ತಂಗುವ ಮನೆಗಳಿವೆ, ಅಲ್ಲಿ ಹೆಂಗಸರೇ ಅಡುಗೆ ಮಾಡಿ ಹಾಕುತ್ತಾರೆ, ಹಾಸಿಗೆಯನ್ನೂ ಹಾಸುತ್ತಾರೆ ಎಂದು ಅವನು ಬರೆದಿಟ್ಟಿದ್ದಾನೆ. ಬರೀ ಗೋಡೆ ಕಂಡು ಬೇಸತ್ತ ಅಕ್ಕನಿಗೆ ಇದನ್ನು ಹೇಳಿದೆ. "ನೋಡಿದ್ಯಾ, ನಮ್ಮ ಕಡೆಯೋರು" ಎಂದಳು.

ವಿಜಯಪುರದ್ದು ಬೇರೆ ಕಥೆ. ಆದಿಲ್‌ಶಾಹಿ ಅಮೀರ ಮುಸ್ತಫಾ ಖಾನ್ ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ ಸರಾಯಿ ಆಮೇಲೆ ಜೈಲಾಯಿತು. ಊರವರ ಬಾಯಲ್ಲಿ ದರ್ಗಾ ಜೈಲು. ಮಾರ್ಪಾಡಿನ ಖರ್ಚು ಹೆಚ್ಚೇನೂ ಬಂದಿರಲಾರದು. ಎತ್ತರದ ಗೋಡೆ, ಒಂದೇ ಬಾಗಿಲು, ಅಂಗಳದ ಸುತ್ತ ಸಾಲುಕೋಣೆ, ಎಲ್ಲ ತಯಾರಾಗಿಯೇ ಇತ್ತು. ಅಗಳಿಯೊಂದನ್ನು ಒಳಗಿನಿಂದ ಹೊರಗಡೆಗೆ ಹಾಕಿದರಾಯಿತು. ಆ ಸೀಮೆಯಲ್ಲಿ ಸೆರೆ ಎಂದರೆ ಬಂಧನವೂ ಹೌದು, ಹೆಂಡವೂ ಹೌದು. ಭಾವನವರ ಭಾಷಾಶಾಸ್ತ್ರಕ್ಕೆ ಇಷ್ಟು ಆಧಾರ ಸಾಕು.

ಸಾರ್ಥಗಳು ಯಾಕೆ ನಿಂತವು ಎಂದು ಹೇಳಲು ಹೆಚ್ಚು ಹೊತ್ತು ಬೇಡ. ಮೊದಲು ಹಡಗು ಸರಕನ್ನು ಎಳೆದುಕೊಂಡಿತು, ಆಮೇಲೆ ರೈಲು, ಕೊನೆಗೆ ಲಾರಿ. ಒಂಟೆಯ ಹಾಗೆ ಲಾರಿಗೆ ನಲವತ್ತು ಕಿಲೋಮೀಟರಿಗೆ ಸುಸ್ತಾಗುವುದಿಲ್ಲ. ಸರಾಯಿಗಳು ಕುರಿದೊಡ್ಡಿಗಳಾದವು, ಕೆಲವು ಪಕ್ಕದ ಹಳ್ಳಿಯವರ ಮನೆಗೆ ಕಲ್ಲು ಒದಗಿಸಿದವು, ಅದೃಷ್ಟವಿದ್ದವು ಹೋಟೆಲಾದವು. ಇಸ್ಫಹಾನಿನಲ್ಲಿ ಮದರಸದ ಪಕ್ಕದ ಸರಾಯಿ ಈಗ ಅಬ್ಬಾಸಿ ಹೋಟೆಲು. ಒಂಟೆ ಕಟ್ಟುತ್ತಿದ್ದ ಅಂಗಳದಲ್ಲಿ ಹೂದೋಟ, ಮೇಜು, ಚಹಾ.

ನಲವತ್ತು ನಿಮಿಷ ಮುಗಿದು ಐವತ್ತಾಗಿತ್ತು. ಟೂರ್ ಮ್ಯಾನೇಜರ್ ಹುಡುಗ ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದ. ಮೂವತ್ತೊಂದು. ಮತ್ತೆ ಎಣಿಸಿದ. ಮೂವತ್ತೊಂದೇ. ಅಕ್ಕ ತನ್ನ ಪಕ್ಕದ ಸೀಟನ್ನು ನೋಡಿ, "ಅಯ್ಯೋ, ಇವರೆಲ್ಲಿ!" ಎಂದಳು. ಫೋನು ಮಾಡಿದರೆ ಅದು ಅಕ್ಕನ ಬ್ಯಾಗಿನಲ್ಲೇ ಹಾಡಿತು. ಗಡಿಯಾರ ತೋರಿಸುತ್ತ ಡ್ರೈವರು ತುರ್ಕಿಯಲ್ಲಿ ಏನೋ ಅಂದ. ಭಾಷೆ ಬಾರದಿದ್ದರೂ ಎಲ್ಲರಿಗೂ ಅರ್ಥವಾಯಿತು. ನಾನೂ ಆ ಹುಡುಗನೂ ಒಳಗೆ ಓಡಿದೆವು. ಅಂಗಳದಲ್ಲಿಲ್ಲ, ಮಸೀದಿಯ ಮೆಟ್ಟಿಲ ಮೇಲಿಲ್ಲ.

ಹಿಂದಿನ ಚಳಿಗಾಲದ ಕೋಣೆಗೆ ಹೋದೆವು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣು ಕತ್ತಲೆ. ಮೇಲೆ ಗೋಪುರದ ಕಿಂಡಿಯಿಂದ ಬಿದ್ದ ಬೆಳಕಿನ ಒಂದು ಕೋಲು, ಅದರಲ್ಲಿ ಧೂಳಿನ ಕಣ. ಸಾಲು ಸಾಲು ದಪ್ಪ ಕಂಬ. ಕಣ್ಣು ಹೊಂದಿಕೊಂಡ ಮೇಲೆ ಕಂಬಗಳ ಆಚೆಯ ಕಲ್ಲುಕಟ್ಟೆಯ ಮೇಲೆ ಏನೋ ಉದ್ದಕ್ಕೆ ಕಾಣಿಸಿತು. ಬೂಟುಗಳನ್ನು ಗೋಡೆಗೆ ಒತ್ತಿ ಜೋಡಿಯಾಗಿ ಇಟ್ಟಿದ್ದರು. ಸ್ವೆಟರು ಹೊದಿಕೆಯಾಗಿತ್ತು. ತಲೆಯ ಕೆಳಗೆ ಕೈಚೀಲ. ಗೊರಕೆ ಕಮಾನಿಗೆ ಬಡಿದು ಎರಡಾಗಿ ವಾಪಸ್ಸು ಬರುತ್ತಿತ್ತು.

"ಭಾವ, ಏಳಿ. ಬಸ್ಸು ಹೊರಡ್ತಾ ಇದೆ."

ಬಸ್ಸು ಎಂಬ ಪದಕ್ಕೆ ಎದ್ದು ಕೂತರು. ನನ್ನನ್ನು ನೋಡಲಿಲ್ಲ, ಹುಡುಗನನ್ನೂ ನೋಡಲಿಲ್ಲ. ಮೊದಲು ಚೀಲ ತೆಗೆದು ಒಳಗೆ ಕೈ ಆಡಿಸಿದರು. ಪಾಸ್‌ಪೋರ್ಟು, ಕನ್ನಡಕದ ಡಬ್ಬಿ, ಮಾತ್ರೆಯ ಪೊಟ್ಟಣ, ಚಿಲ್ಲರೆ. ಆಮೇಲೆ ಬಗ್ಗಿ ಬೂಟು ಮುಟ್ಟಿ ನೋಡಿದರು.

"ಎಲ್ಲಾ ಇದೆ, ನಡೀರಿ" ಎಂದರು.